ಸೂಪರ್‌ಮ್ಯಾನ್ ಹೊಟ್ಟೆಯಲ್ಲೊಂದು ಕಪ್ಪೆ

"ಯಾರಿವರು? ಮದುವೆ ಮನೆ ಅಡುಗೆ ಕಂಟ್ರಾಕ್ಟರಾ?"

ಮೇಷ್ಟ್ರು ಹೀಗೆ ಕೇಳಿದ್ದು ನನ್ನ ಸೂಪರ್‌ಮ್ಯಾನನ್ನು ನೋಡಿ. ಮೂರು ವಾರ ಕಣ್ಣು ಕೆಂಪಗೆ ಮಾಡಿಕೊಂಡು, ಕತ್ತು ಹಿಡಿಸಿಕೊಂಡು ಮಾಡಿದ ಒಂದಡಿ ಎತ್ತರದ ಗೊಂಬೆ ಅದು. ಎರಡೂ ಕೈ ಸೊಂಟದ ಮೇಲಿಟ್ಟು, ಎದೆಯುಬ್ಬಿಸಿ, ಜಗತ್ತಿನ ಸಂಕಟವನ್ನೆಲ್ಲ ದೂರದಿಂದಲೇ ಗಮನಿಸುತ್ತಿರುವ ಭಂಗಿ ಎಂದು ನಾನು ನಂಬಿದ್ದೆ. ಮೇಷ್ಟ್ರ ಮಾತು ಕಿವಿಗೆ ಬಿದ್ದ ಮೇಲೆ ಇನ್ನೊಮ್ಮೆ ನೋಡಿದೆ. ಹೌದಲ್ಲ! ಸಾರಿಗೆ ಉಪ್ಪು ಬಿತ್ತೋ ಇಲ್ಲವೋ, ಎರಡನೇ ಪಂಕ್ತಿಗೆ ಹೋಳಿಗೆ ಸಾಲುತ್ತೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ನಿಂತ ಮನುಷ್ಯ. ಹೆಗಲ ಮೇಲಿನ ಕೇಪು ಬೆವರು ಒರೆಸುವ ಟವೆಲ್ಲಿನಂತೆ ಕಾಣತೊಡಗಿತು. ಒಂದು ಸಲ ಹಾಗೆ ಕಂಡ ಮೇಲೆ ಮುಗಿಯಿತು ನೋಡಿ, ಆಮೇಲೆ ಬೇರೆ ಥರ ಕಾಣುವುದೇ ಇಲ್ಲ.

ಗಣೇಶನನ್ನು ಮಾಡು ಅಂದರೆ ಅವರಪ್ಪನನ್ನು ಮಾಡಿದ ಎಂಬ ಗಾದೆ ನಮ್ಮಲ್ಲಿದೆ. ಅವರಪ್ಪ ಅಂದರೆ ಸಾಕ್ಷಾತ್ ಪರಶಿವ. ಅಷ್ಟು ಆಗಿದ್ದರೂ ನನ್ನ ಪುಣ್ಯ ಅನ್ನುತ್ತಿದ್ದೆ.

52ನೇ ವಯಸ್ಸಿಗೆ ನಿಮಗಿದು ಬೇಕಿತ್ತಾ ಎಂದು ನೀವು ಕೇಳಬಹುದು. ಮನೆಯಲ್ಲೂ ಕೇಳಿದ್ದಾರೆ. ಇಂದ್ರಜಾಲ ಕಾಮಿಕ್ಸನ್ನು ಪಠ್ಯಪುಸ್ತಕದೊಳಗಿಟ್ಟು ಓದಿ ಬೆಳೆದ ಪೀಳಿಗೆ ನಮ್ಮದು. ಆಗ ಫ್ಯಾಂಟಮ್‌ನ ತಲೆಬುರುಡೆ ಉಂಗುರಕ್ಕಾಗಿ ಪ್ರಾಣ ಬಿಡುತ್ತಿದ್ದೆವು. ಆ ಚಪಲ ಒಳಗೆಲ್ಲೋ ಕೂತಿತ್ತು, ಸಾಲದ ಕಂತುಗಳು ಮುಗಿದ ಮೇಲೆ ಎದ್ದು ಬಂತು. ಪುಣ್ಯಕ್ಕೆ ಕೈಗೆ ಗಿಟಾರು ಸಿಗಲಿಲ್ಲ, ಪಾಲಿಮರ್ ಕ್ಲೇ ಸಿಕ್ಕಿತು. ಸದ್ದಿಲ್ಲದ ಹವ್ಯಾಸ, ಅಕ್ಕಪಕ್ಕದವರು ಬಚಾವಾದರು.

ಹೆಸರಿಗೆ ಅದು ಕ್ಲೇ, ಕುಲದಿಂದ ನಮ್ಮ ಮನೆ ನೀರಿನ ಪೈಪಿನ ದಾಯಾದಿ. ಪಿ.ವಿ.ಸಿ. ಪುಡಿಗೆ ಅದನ್ನು ಮೆತ್ತಗಿಡುವ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥದ್ದನ್ನು ಕಲಸಿದ ಹಿಟ್ಟು. ಜೇಡಿಮಣ್ಣಿನ ಹಾಗೆ ಗಾಳಿಗೆ ಒಣಗುವುದಿಲ್ಲ. ವಾರಗಟ್ಟಲೆ ತಿದ್ದುತ್ತ, ಹಾಳು ಮಾಡುತ್ತ, ಮತ್ತೆ ತಿದ್ದುತ್ತ ಕೂರಬಹುದು. ನನ್ನಂಥವರಿಗೆ ಇದಕ್ಕಿಂತ ದೊಡ್ಡ ವರ ಬೇಕೇ? ಸಾಕು ಅನ್ನಿಸಿದಾಗ ಓವನ್ನಿನಲ್ಲಿ ಸುಮಾರು 130 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬೇಯಿಸಿದರೆ ಗಟ್ಟಿ. ಜರ್ಮನಿಯಲ್ಲಿ ಕೇಟೆ ಕ್ರೂಸೆ ಎಂಬ ಹೆಸರಾಂತ ಗೊಂಬೆ ತಯಾರಕಿ ಇದ್ದಳು. ಅವಳ ಮಗಳು ಫೀಫಿ ಇಂಥದೊಂದು ಹಿಟ್ಟನ್ನು ಹಿಡಿದು ಬೆಳೆಸಿದಳು. ಇವತ್ತು ಅಂಗಡಿಯಲ್ಲಿ ಸಿಗುವ ಫೀಮೋ ಹೆಸರಿನಲ್ಲಿ ಆ ಫೀಫಿಯ 'ಫೀ' ಹಾಗೇ ಕೂತಿದೆ. ಅಮೆರಿಕದ ಸ್ಕಲ್ಪಿಯ ಕಥೆ ಇನ್ನೂ ಮಜವಾಗಿದೆ. 1960ರ ದಶಕದ ಶುರುವಿನಲ್ಲಿ ಅದನ್ನು ವಿದ್ಯುತ್ ಟ್ರಾನ್ಸ್‌ಫಾರ್ಮರುಗಳ ಒಳಗಿನ ಶಾಖ ಹೊರಗೆಳೆಯಲು ಬರುತ್ತದೇನೋ ಎಂದು ಪರೀಕ್ಷಿಸಿದರಂತೆ. ಅದಕ್ಕೆ ನಾಲಾಯಕ್ಕು ಎಂದು ಮೂಲೆಗೆ ಸೇರಿದ್ದು ಶಿಲ್ಪಿಗಳ ಕೈಗೆ ಬಂತು. ಟ್ರಾನ್ಸ್‌ಫಾರ್ಮರಿಗೆ ಬೇಡವಾದ ವಸ್ತು, ಆಫೀಸಿಗೆ ಬೇಡವಾದ ಮನುಷ್ಯ, ಈಡು ಜೋಡು ಸರಿಯಾಗಿದೆ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಅವಳಿಗೆ ಕೋಪ ಬಂದದ್ದಕ್ಕೂ ಕಾರಣವಿದೆ ಅನ್ನಿ. ಸೂಪರ್‌ಮ್ಯಾನ್ ಕೂದಲಿಗೆ ಎಳೆ ಬೇಕಲ್ಲ ಎಂದು ನಾನು ಚಕ್ಕುಲಿ ಒರಳಿಗೆ ಕೈ ಹಾಕಿದೆ. ಸೇವಿಗೆ ಬಿಲ್ಲೆ ಹಾಕಿ ಒತ್ತಿದರೆ ಎಂಥಾ ಎಳೆ ಅಂತೀರಿ! ಆ ಹಿಟ್ಟು ತಾಗಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸುವಂತಿಲ್ಲ ಎಂದು ಗೊತ್ತಾದದ್ದು ಆಮೇಲೆ. ಹೀಗೆ ಚಕ್ಕುಲಿ ಒರಳು ಹೋಯಿತು, ಲಟ್ಟಣಿಗೆ ಹೋಯಿತು, ಕೊನೆಗೆ ಓವನ್ನೂ ಹೋಯಿತು. "ಇನ್ನು ಇದರಲ್ಲಿ ಕೇಕ್ ಮಾಡಿದ್ರೆ ತಿನ್ನೋರ್ಯಾರು? ನಿಮ್ಮ ಮೂರ್ತಿಗಳಿಗೇ ಇಟ್ಕೊಳಿ" ಅಂದಳು. ಆ ವರ್ಷ ನಮ್ಮ ಮನೆಯಲ್ಲಿ ಕೃಷ್ಣಾಷ್ಟಮಿಗೆ ಚಕ್ಕುಲಿ ಅಂಗಡಿಯಿಂದ ಬಂತು. ಕೃಷ್ಣನೇನೂ ತಕರಾರು ಮಾಡಲಿಲ್ಲ.

ಮನೆಯಲ್ಲಿ ಕಲಿಯಲು ಆಗದೇ ಇದ್ದದ್ದಕ್ಕೆ ಇನ್ನೊಂದು ಕಾರಣ 'ಚೆನ್ನಾಗಿದೆ' ಎಂಬ ಪದ. ಹೆಂಡತಿಗೆ ತೋರಿಸಿದರೆ ಮೊಬೈಲಿನಿಂದ ಮುಖ ಎತ್ತದೆ "ಚೆನ್ನಾಗಿದೆ ರೀ". ಮಗನಿಗೆ ಫೋಟೋ ಕಳಿಸಿದರೆ ಒಂದು ಹೆಬ್ಬೆರಳು. ನಮ್ಮಮ್ಮ ಒಬ್ಬರೇ ಕನ್ನಡಕ ಏರಿಸಿ, ಗೊಂಬೆಯನ್ನು ಹಿಂದು ಮುಂದು ತಿರುಗಿಸಿ, "ಆಂಜನೇಯ ಚೆನ್ನಾಗಿ ಬಂದಿದಾನೆ ಕಣೋ. ಬಾಲ ಯಾವಾಗ ಅಂಟಿಸ್ತೀಯ?" ಎಂದು ಕೇಳಿದ್ದು.

ಹಾಗಾಗಿ ಭಾನುವಾರ ಸಂಜೆ ನಾಲ್ಕಕ್ಕೆ ಮೇಷ್ಟ್ರ ಮನೆ ಮಹಡಿ. ಮೇಷ್ಟ್ರು ಅಂದರೆ ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತರಾದವರು. ಇನ್ನೊಬ್ಬರು ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನಲ್ಲಿ ಸವೆದುಹೋದ ಕೊಕ್ಕೆ, ಕೆರೆಯುವ ಕಡ್ಡಿಗಳೇ ನಮ್ಮೆಲ್ಲರ ಉಳಿ. ಫಿಸಿಯೋಥೆರಪಿಸ್ಟ್ ಮೇಡಂ ಒಬ್ಬರು, ಎಂಜಿನಿಯರಿಂಗ್ ಓದುವ ಹುಡುಗ ಒಬ್ಬ, ಐದನೆಯವನು ನಾನು. ಯಾರೂ ಯಾರಿಗೂ ಗುರುವಲ್ಲ. ಐದೂ ಜನ ಕೆಟ್ಟದಾಗಿ ಮಾಡುತ್ತೇವೆ. ಆದರೆ ಒಬ್ಬೊಬ್ಬರದು ಒಂದೊಂದು ಬಗೆಯ ಕೆಟ್ಟದ್ದು ನೋಡಿ, ಅದರಿಂದಲೇ ನಮ್ಮ ಸಂಘ ನಡೆಯುತ್ತಿದೆ.

ನಿಯಮಗಳಿವೆ. ಗೊಂಬೆಯನ್ನು ತಿರುಗುವ ಕೇಕ್ ಸ್ಟ್ಯಾಂಡಿನ ಮೇಲಿಟ್ಟು ಒಂದು ಸುತ್ತು ಪೂರ್ತಿ ತಿರುಗಿಸುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. 'ಚೆನ್ನಾಗಿದೆ' ಅನ್ನುವುದಕ್ಕೆ ನಿಷೇಧ. 'ಏನೋ ಒಂಥರಾ ಇದೆ' ಅನ್ನುವುದಕ್ಕೂ. ಒಂಥರಾ ಅಂದರೆ ಯಾವ ಥರ, ಎಲ್ಲಿ, ಎಷ್ಟು, ಬೆರಳಿಟ್ಟು ತೋರಿಸಬೇಕು. ಮಾಡಿದವನು ಮಾತ್ರ ಬಾಯಿಗೊಂದು ಕೋಡುಬಳೆ ಹಾಕಿಕೊಂಡು ಕೂರಬೇಕು. ಅದು ಮುಗಿಯುವವರೆಗೆ ಸಮರ್ಥನೆ ಕೂಡದು. ಮೇಷ್ಟ್ರ ಮನೆಯವರು ಕರಿಯುವ ಕೋಡುಬಳೆ ಕಲ್ಲಿನ ಜಾತಿಯದು, ಐದು ನಿಮಿಷ ಗ್ಯಾರಂಟಿ. ಆ ಕೋಡುಬಳೆಯ ಮೇಲೆ ಹಲ್ಲಿನ ಡಾಕ್ಟರಿಗೆ ಅತೀವ ಗೌರವ.

ಸರಿ, ನನ್ನ ಅಡುಗೆ ಕಂಟ್ರಾಕ್ಟರು ತಿರುಗಿದರು. ನಾನು ಕೋಡುಬಳೆ ಕಡಿದೆ. ಮೇಷ್ಟ್ರು ಜೇಬಿನಿಂದ ಡಿವೈಡರ್ ತೆಗೆದರು. ಅವರ ಜೇಬಿನಲ್ಲಿ ಇನ್ನೂ ಡಿವೈಡರ್ ಇರುತ್ತದೆ! ತಲೆಯ ಎತ್ತರ ಹಿಡಿದು ಕೆಳಕ್ಕೆ ಎಣಿಸುತ್ತ ಹೋದರು. ಒಂದು, ಎರಡು, ಮೂರು... ಆರಕ್ಕೆ ಪಾದ ಬಂತು. ನಿಮ್ಮಂಥ ನನ್ನಂಥವರ ಎತ್ತರ ಸಾಮಾನ್ಯವಾಗಿ ಏಳೂವರೆ ತಲೆ. ಕಾಮಿಕ್ಸಿನ ಮಹಾವೀರನಿಗೆ ಎಂಟೂವರೆಯಿಂದ ಒಂಬತ್ತು ಕೊಡುತ್ತಾರೆ, ತಲೆ ಚಿಕ್ಕದಾದಷ್ಟೂ ಮೈ ಬೆಟ್ಟದಂತೆ ಕಾಣಲಿ ಎಂದು.

"ನಮ್ಮ ಶಿಲ್ಪಶಾಸ್ತ್ರದಲ್ಲೂ ಇದೇ ಲೆಕ್ಕ" ಅಂದರು ಮೇಷ್ಟ್ರು. "ಅವರದು ಇಡೀ ತಲೆ, ನಮ್ಮದು ಕೂದಲಂಚಿನಿಂದ ಗದ್ದದವರೆಗಿನ ಮುಖ. ಅದಕ್ಕೆ ತಾಲ ಅಂತಾರೆ, 12 ಅಂಗುಲ. ನವತಾಲ ಅಂದ್ರೆ 108 ಅಂಗುಲ. ದೊಡ್ಡ ದೇವರುಗಳಿಗೆ ಉತ್ತಮ ದಶತಾಲ, 124. ಗಣೇಶನಿಗೆ ಪಂಚತಾಲ ಸಾಕು."

"ಹಾಗಾದ್ರೆ ಅಂಕಲ್ದು ಗಣೇಶನಿಗೆ ಹತ್ತಿರ" ಅಂದ ಹುಡುಗ.

ನನ್ನ ಬಾಯಲ್ಲಿ ಇನ್ನೂ ಅರ್ಧ ಕೋಡುಬಳೆ ಇತ್ತು.

ತಲೆ ದೊಡ್ಡದಾದದ್ದು ಹೇಗೆ ಎಂದು ಆಮೇಲೆ ಅರ್ಥವಾಯಿತು. ಮುಖದ ಮೇಲೇ ನಮ್ಮ ಪ್ರೀತಿಯೆಲ್ಲ. ಮೂಗು ಸರಿಯಾಗಲಿಲ್ಲವೆಂದು ಒಂದು ಚೂರು ಮೆತ್ತುತ್ತೇವೆ, ಅದಕ್ಕೆ ಹೊಂದಲೆಂದು ಕೆನ್ನೆಗೆ ಒಂದು ಚೂರು, ಅದಕ್ಕೆ ಹೊಂದಲೆಂದು ಗದ್ದಕ್ಕೆ. ಬೆಳಗಾಗುವುದರೊಳಗೆ ಕುಂಬಳಕಾಯಿ. ಕಣ್ಣನ್ನು ಹಣೆಯ ಹತ್ತಿರ ಕೂರಿಸಿದ್ದೂ ಹಾಗೇ. ಕನ್ನಡಿ ಮುಂದೆ ನಿಂತು ಅಳೆದು ನೋಡಿ ಬೇಕಾದರೆ: ನೆತ್ತಿಯಿಂದ ಗದ್ದಕ್ಕೆ ಸರಿಯಾಗಿ ಅರ್ಧಕ್ಕೆ ಕಣ್ಣು. ನಾವು ಬುರುಡೆಯ ಮೇಲರ್ಧವನ್ನು ಲೆಕ್ಕಕ್ಕೇ ಇಡುವುದಿಲ್ಲ. ಅಲ್ಲಿ ಏನಿದೆ ಎಂಬ ಅನುಮಾನ ಇದ್ದರೂ ಇರಬಹುದು.

ಮೇಷ್ಟ್ರಾದ ಮೇಲೆ ಫಿಸಿಯೋ ಮೇಡಂ. ಅವರು ಗೊಂಬೆಯನ್ನು ನೋಡುವುದು ನೋವೆಲ್ಲಿದೆ ಎಂದು ಕೇಳುವ ಧಾಟಿಯಲ್ಲಿ. ಹೊಟ್ಟೆಯ ಮೇಲೆ ಬೆರಳಿಟ್ಟು, "ಇದೇನ್ ಸಾರ್, ಪಡ್ಡು ಕಾವಲಿ ಬೋರಲು ಹಾಕಿದೀರ?" ಅಂದರು. ಎಣಿಸಿದರೆ ಹತ್ತು ಪಡ್ಡು. ನಾನು ಹುಮ್ಮಸ್ಸಿನಲ್ಲಿ ಹೊಕ್ಕುಳದ ಕೆಳಗೂ ಎರಡು ಸಾಲು ಇಳಿಸಿದ್ದೆ. ಹೊಟ್ಟೆಯ ಆ ಸ್ನಾಯು ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಪಟ್ಟಿ. ಅದಕ್ಕೆ ಅಡ್ಡಲಾಗಿ ಎಳೆದ ದಾರದ ಹಾಗೆ ಸಾಮಾನ್ಯವಾಗಿ ಮೂರು ಕಡೆ ಬಿಗಿತ, ಹೊಕ್ಕುಳದ ಕೆಳಗೆ ಬಹುಮಟ್ಟಿಗೆ ಸಪಾಟು. ತೋಳಿಗೂ ಇದೇ ಗತಿ. ಬೈಸೆಪ್ಸನ್ನು ನಾನು ಹೆಗಲಿಗೆ ಬೋಂಡದಂತೆ ಅಂಟಿಸಿದ್ದೆ. "ಅದು ಅಂಟಿರಲ್ಲ ಸಾರ್, ಈ ಭುಜದ ಸ್ನಾಯು ಇದೆಯಲ್ಲ, ಅದರ ಕೆಳಗೆ ನುಗ್ಗಿ ಹೋಗುತ್ತೆ. ಲೋಟ ಎತ್ತಿ ನೋಡಿ." ನಾನು ಕಾಫಿ ಲೋಟ ಎತ್ತಿದೆ. ನನ್ನ ತೋಳಿನಲ್ಲಿ ಏನೂ ಕಾಣಲಿಲ್ಲ. ಹುಡುಗನ ತೋಳಿನಲ್ಲಿ ಕಂಡಿತು. ಅಂದಿನಿಂದ ಡೆಲ್ಟಾಯ್ಡ್ ನಮ್ಮಲ್ಲಿ 'ಕೊಬ್ಬರಿ ಗಿಟುಕು', ಕತ್ತಿನಿಂದ ಹೆಗಲಿಗೆ ಇಳಿಯುವ ಟ್ರೆಪೀಜಿಯಸ್ 'ಮೂಟೆ ಹೊರೋ ಜಾಗ'. ಲ್ಯಾಟಿನ್ ಹೆಸರು ಮರೆತುಹೋಗುತ್ತದೆ, ಗಿಟುಕು ಮರೆಯುವುದಿಲ್ಲ.

ಹಲ್ಲಿನ ಡಾಕ್ಟರದು ಒಂದೇ ದೂರು. "ಕೆಳದವಡೆ ಹಿಂದಕ್ಕೆ ಹೋಗಿದೆ. ಎರಡು ವರ್ಷ ಕ್ಲಿಪ್ ಹಾಕಿದ್ರೆ ಸರಿಹೋಗುತ್ತೆ."

ಇಷ್ಟೆಲ್ಲ ಆದಮೇಲೆ ಮೇಷ್ಟ್ರು ನಿಲುವಿಗೆ ಬಂದರು. ಸೂಪರ್‌ಮ್ಯಾನ್ ರಾಷ್ಟ್ರಗೀತೆಗೆ ಎದ್ದು ನಿಂತಂತಿದ್ದಾನೆ, ಜೀವ ಇಲ್ಲ ಎಂದು. ಬೇಲೂರಿನ ದರ್ಪಣ ಸುಂದರಿಯ ಫೋಟೋ ತಂದು ಮುಂದಿಟ್ಟರು. ತೂಕ ಒಂದು ಕಾಲಿನ ಮೇಲೆ, ಸೊಂಟ ಒಂದು ಕಡೆ ವಾಲಿದರೆ ಹೆಗಲು ಅದಕ್ಕೆ ಎದುರು. ಅದೇ ತ್ರಿಭಂಗ. ನಾನು ಮನೆಗೆ ಹೋಗಿ ಶ್ರದ್ಧೆಯಿಂದ ಬಗ್ಗಿಸಿದೆ. ಮುಂದಿನ ವಾರ ತಂದಿಟ್ಟಾಗ ಸೂಪರ್‌ಮ್ಯಾನ್ ಜಾತ್ರೆಯ ರೆಕಾರ್ಡ್ ಡ್ಯಾನ್ಸಿಗೆ ಸಜ್ಜಾಗಿದ್ದ.

ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಆಮೇಲೆ ಎರಡು ಭಾನುವಾರ ನಾನು ಹೋಗಲಿಲ್ಲ. "ಹೋಗಲ್ವಾ?" ಅಂದಳು ಹೆಂಡತಿ. ತಲೆನೋವು ಅಂದೆ. ಮನಸ್ಸಿನಲ್ಲಿ ನಾಲ್ವರಿಗೂ ಉತ್ತರಗಳನ್ನು ಸಿದ್ಧ ಮಾಡುತ್ತಿದ್ದೆ, ಒಂದಕ್ಕಿಂತ ಒಂದು ಚೂಪಾದವು. ಎರಡನೇ ಭಾನುವಾರ ಸಂಜೆ ಹುಡುಗ ಒಂದು ಸ್ಟೀಲ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕೋಡುಬಳೆ. "ಮೇಷ್ಟ್ರು ಹೇಳಿದ್ರು ಅಂಕಲ್, ಅಡುಗೆ ಕಂಟ್ರಾಕ್ಟರು ಬರದೆ ಪಂಕ್ತಿ ನಿಂತುಬಿಟ್ಟಿದೆಯಂತೆ." ನಗದೆ ಇರಲು ಬಹಳ ಪ್ರಯತ್ನಪಟ್ಟೆ.

ಎರಡನೇ ಸೂಪರ್‌ಮ್ಯಾನ್ ಶುರುವಾಯಿತು. ಈ ಸಲ ಅಲ್ಯೂಮಿನಿಯಂ ತಂತಿಯ ಅಸ್ಥಿಪಂಜರ, ಅದರ ಮೇಲೆ ಚಪಾತಿ ಸುತ್ತುವ ಫಾಯಿಲಿನ ಉಂಡೆ, ಮೇಲೆ ತೆಳ್ಳಗೆ ಕ್ಲೇ. 454 ಗ್ರಾಂ ಡಬ್ಬಿ ದುಬಾರಿ, ಹೊಟ್ಟೆ ತುಂಬ ಕ್ಲೇಯನ್ನೇ ತುಂಬಿದರೆ ನಮ್ಮ ಹೊಟ್ಟೆಗೆ ಕಲ್ಲು ಬೀಳುತ್ತದೆ. ಫಾಯಿಲ್ ಇದ್ದರೆ ದಪ್ಪವೂ ಕಡಿಮೆ, ಬೇಯುವುದೂ ಸಮನಾಗಿ. ಬೇಯಿಸುವ ಹಿಂದಿನ ವಾರ ಎಲ್ಲರ ಮುಂದೆ ಇಟ್ಟೆ. ತಲೆ ಎಂಟೂವರೆಗೆ ಬಂದಿತ್ತು. ಪಡ್ಡು ಆರಕ್ಕಿಳಿದಿತ್ತು. ಮೇಷ್ಟ್ರು ಹೂಂ ಅಂದರು. ಅವರ ಬಾಯಲ್ಲಿ ಹೂಂ ಬಂದರೆ ಪದ್ಮಶ್ರೀ ಬಂದ ಹಾಗೆ. ಹುಡುಗ ಮಾತ್ರ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, "ಅಂಕಲ್, ಇಲ್ಲಿ ಒಳಗೆ ಗಾಳಿ ಇದ್ದ ಹಾಗಿದೆ" ಅಂದ. ನಾನು ಕೋಡುಬಳೆಯನ್ನು ಪಕ್ಕಕ್ಕಿಟ್ಟೆ. ನೀನು ಹುಟ್ಟುವ ಮುಂಚಿನಿಂದ ನಾನು ಸೂಪರ್‌ಮ್ಯಾನ್ ನೋಡಿದ್ದೇನೆ ಎಂಬರ್ಥದ ಒಂದು ಮಾತನ್ನು ಆಡಿದೆ.

ಸೋಮವಾರ ರಾತ್ರಿ ಓವನ್. ಪ್ರತಿ 6 ಮಿಲಿಮೀಟರ್ ದಪ್ಪಕ್ಕೆ 15 ನಿಮಿಷ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಓವನ್ನಿನ ಗುಂಡಿಯನ್ನು ನಂಬಬಾರದೆಂದು ಒಳಗೊಂದು ಥರ್ಮಾಮೀಟರನ್ನೂ ಇಟ್ಟಿದ್ದೆ. ಶಾಖ ಮಿತಿಮೀರಿ ಸುಟ್ಟರೆ ಪಿ.ವಿ.ಸಿ. ಬಿಡುವ ಹೊಗೆ ಒಳ್ಳೆಯದಲ್ಲ, ಅದಕ್ಕೆಂದು ಕಿಟಕಿಗಳೆಲ್ಲ ತೆರೆದು, ಒಳಗೆ ಬಂದ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳುತ್ತ ಓವನ್ನಿನ ಗಾಜಿಗೆ ಮೂಗು ಒತ್ತಿ ಕೂತಿದ್ದೆ. ನೋಡನೋಡುತ್ತಿದ್ದಂತೆ ಹೊಕ್ಕುಳದ ಪಕ್ಕದಿಂದ ಎದೆಯ ಲಾಂಛನದವರೆಗೆ ಕೂದಲೆಳೆಯಷ್ಟು ಗೆರೆ ಮೂಡಿತು. ಹತ್ತು ನಿಮಿಷಕ್ಕೆ ಅದು ಕೂದಲೆಳೆ ಆಗಿ ಉಳಿಯಲಿಲ್ಲ.

ಭಾನುವಾರ ಡಾಕ್ಟರು ತಮ್ಮ ಕೊಕ್ಕೆಯಿಂದ ಬಿರುಕು ಬಿಡಿಸಿದರು. ಫಾಯಿಲನ್ನು ನಾನು ಗಟ್ಟಿಯಾಗಿ ಒತ್ತಿರಲಿಲ್ಲ. ಅದಕ್ಕೂ ಕ್ಲೇಗೂ ನಡುವೆ ಕಡಲೆಕಾಳಿನಷ್ಟು ಪೊಳ್ಳು. ಕಾದ ಗಾಳಿ ಹಿಗ್ಗಿ ದಾರಿ ಮಾಡಿಕೊಂಡು ಹೊರಬಂದಿತ್ತು. ಯಾರೂ ಮಾತಾಡಲಿಲ್ಲ. ಮೇಷ್ಟ್ರು ಮೆಲ್ಲಗೆ, "ಕಪ್ಪೆ" ಅಂದರು.

ಬೇಲೂರಿಗೆ ಶಾಲಾ ಪ್ರವಾಸ ಹೋದವರಿಗೆಲ್ಲ ಗೊತ್ತಿರುವ ಕಥೆಯೇ. ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷವಿದೆ ಎಂದು ಡಂಕಣ ಎಂಬ ಹುಡುಗ ಹೇಳುತ್ತಾನೆ. ಇದ್ದರೆ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಹಿರಿಯ ಪಣ ತೊಡುತ್ತಾನೆ. ಮೂರ್ತಿಗೆ ಗಂಧ ಬಳಿದರೆ ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಮಾತ್ರ ಹಸಿ. ಅಲ್ಲಿ ಉಳಿ ಇಟ್ಟರೆ ನೀರಿನ ಸಮೇತ ಕಪ್ಪೆ ಹೊರಗೆ. ಆ ಹುಡುಗ ಅವನ ಸ್ವಂತ ಮಗನೇ ಎಂದು ಆಮೇಲೆ ತಿಳಿಯುತ್ತದೆ. ಕಡಿದುಕೊಂಡ ಕೈ ಮರಳಿ ಬಂದ ಊರು ತುಮಕೂರಿನ ಹತ್ತಿರದ ಕೈದಾಳ, ಮೂರ್ತಿ ಕಪ್ಪೆ ಚೆನ್ನಿಗರಾಯ. ಜಕಣಾಚಾರಿಯ ಹೆಸರು ಶಾಸನಗಳಲ್ಲಿ ಸಿಗುವುದಿಲ್ಲ ಎನ್ನುತ್ತಾರೆ ಇತಿಹಾಸಕಾರರು. ದಾಸೋಜ, ಚಾವಣ, ಮಲ್ಲಿತಮ್ಮ ಮೊದಲಾದವರ ಹೆಸರು ಕಲ್ಲಿನ ಮೇಲೇ ಇದೆ, ಪಾಪ, ಅವರಿಗೆ ಕಪ್ಪೆಯ ಕಥೆ ಇಲ್ಲ. ಅದೇನೇ ಇರಲಿ, ವಿಮರ್ಶೆ ಸ್ವೀಕರಿಸುವ ವಿಷಯದಲ್ಲಿ ನಮ್ಮ ನಾಡಿನ ಹಿರಿಯರು ಹಾಕಿಕೊಟ್ಟ ಮಟ್ಟ ಕೊಂಚ ಹೆಚ್ಚೇ ಆಯಿತು ಎಂದು ನನ್ನ ಭಾವನೆ. ನಾನು ಕೈ ಕಡಿದುಕೊಳ್ಳಲಿಲ್ಲ. ಓವನ್ ಬಾಗಿಲು ತಗುಲಿ ಬಲಗೈ ಹೆಬ್ಬೆರಳಿಗೆ ಬೊಬ್ಬೆ ಬಂದಿತ್ತು, ಅದನ್ನೇ ಹುಡುಗನಿಗೆ ತೋರಿಸಿ ಲೆಕ್ಕ ಚುಕ್ತಾ ಮಾಡಿಕೊಂಡೆ.

ಅಂದಿನಿಂದ ನಮ್ಮಲ್ಲಿ ದೋಷಕ್ಕೆ ಕಪ್ಪೆ ಎಂದೇ ಹೆಸರು. ಬೆರಳಚ್ಚು, ಕ್ಲೇಗೆ ಅಂಟಿದ ಬೆಕ್ಕಿನ ಕೂದಲು, ಅಗರಬತ್ತಿಯ ಬೂದಿ, ಇವೆಲ್ಲ ಗೊದಮೊಟ್ಟೆ. ಮೊಣಕೈ ಸೊಂಟದ ಮಟ್ಟ ಬಿಟ್ಟು ಎದೆಗೆ ಬಂದರೆ ಕಪ್ಪೆ. ಹಿಂದೆ ಕೇಪಿನ ಭಾರಕ್ಕೆ ಇಡೀ ಗೊಂಬೆ ಅಂಗಾತ ಬಿದ್ದರೆ ಗೋಂಕರುಕಪ್ಪೆ. ಈ ಪರಿಭಾಷೆ ಬಂದ ಮೇಲೆ ಮನಸ್ತಾಪ ಕಡಿಮೆಯಾಗಿದೆ. ನಿಮಗೆ ಕೆಲಸ ಬರಲ್ಲ ಅಂದರೆ ಸಿಟ್ಟು ಬರುತ್ತದೆ, ನಿಮ್ಮಲ್ಲೊಂದು ಕಪ್ಪೆ ಇದೆ ಅಂದರೆ ಎಲ್ಲಿ ಎಂದು ನಾವೇ ಬಗ್ಗಿ ಹುಡುಕುತ್ತೇವೆ.

ಬೇರೆಯವರ ಕಪ್ಪೆ ಹುಡುಕುವುದರಲ್ಲಿ ನಾನು ಎಷ್ಟು ನಿಸ್ಸೀಮ ಎಂದು ಇಲ್ಲಿ ಹೇಳಿಕೊಳ್ಳದಿದ್ದರೆ ತಪ್ಪಾಗುತ್ತದೆ. ಹುಡುಗ ಸದಾ ಸ್ಪೈಡರ್‌ಮ್ಯಾನನ್ನೇ ಮಾಡುತ್ತಾನೆ. 1962ರಲ್ಲಿ ಸ್ಟೀವ್ ಡಿಟ್ಕೋ ಅದನ್ನು ಬರೆದಾಗ ಮುಖ ಪೂರ್ತಿ ಮುಚ್ಚಿಬಿಟ್ಟ. ಮೂಗು ತುಟಿ ಮಾಡಲು ಬಾರದ ಸಮಸ್ತರೂ ಅವನಿಗೆ ಋಣಿಗಳು. "ಮುಖ ತಪ್ಪಿಸಿಕೊಂಡು ಎಷ್ಟು ದಿನ ಓಡಾಡ್ತೀಯಪ್ಪ?" ಎಂದು ಕುಟುಕಿದೆ. ಮೇಡಂ ತಂದ ಹಲ್ಕ್ ಬೂದು ಬಣ್ಣದ್ದು, ಕ್ಲೇಯ ಬಣ್ಣವೇ ಅದು. ಹಸಿರು ಹಚ್ಚಲಿಲ್ಲವೇ ಅಂದರೆ, 1962ರ ಮೊದಲ ಸಂಚಿಕೆಯಲ್ಲಿ ಹಲ್ಕ್ ಬೂದು ಬಣ್ಣದವನೇ, ಅಚ್ಚಿನಲ್ಲಿ ಆ ಬಣ್ಣ ಒಂದೇ ಸಮ ಬರಲಿಲ್ಲವೆಂದು ಆಮೇಲೆ ಹಸಿರು ಮಾಡಿದರು ಎಂದು ಕೋಡುಬಳೆ ಮುಗಿದ ಕೂಡಲೇ ವಾದಿಸಿದರು. ಸೋಮಾರಿತನಕ್ಕೆ ಇತಿಹಾಸದ ಆಧಾರ! ನನಗದು ಎಷ್ಟು ಹಿಡಿಸಿತೆಂದರೆ, ಮುಂದಿನ ವಾರ ಕೂದಲು ಕೂರದೆ ಬೋಳಾಗಿ ಉಳಿದ ನನ್ನ ಮೂರನೇ ಸೂಪರ್‌ಮ್ಯಾನನ್ನು ಧೈರ್ಯವಾಗಿ ತಂದೆ. ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಗೆಳೆಯರು 1933ರಲ್ಲಿ ಮೊದಲು ಸೃಷ್ಟಿಸಿದ ಸೂಪರ್‌ಮ್ಯಾನ್ ಬೋಳುತಲೆಯ ಖಳನಾಯಕ, ಗೊತ್ತೇ? ನಾವು ಬಲ್ಲ ವೀರ ಅಚ್ಚಿಗೆ ಬಂದದ್ದು 1938ರಲ್ಲಿ. ಐದು ವರ್ಷ ತಿದ್ದಿದ್ದಾರೆ ಅಂದಾಯಿತು, ನನಗೆ ಐದು ತಿಂಗಳಾದರೂ ಕೊಡಿ ಅಂದೆ. ಮೇಷ್ಟ್ರು ಇನ್ನೊಂದು ಕೋಡುಬಳೆ ಕೊಟ್ಟರು.

ಚಡ್ಡಿಯ ಚರ್ಚೆಯೊಂದು ಮೂರು ಭಾನುವಾರ ನುಂಗಿತು. ಪ್ಯಾಂಟಿನ ಮೇಲೆ ಚಡ್ಡಿ ತೊಡುವುದು ಆ ಕಾಲದ ಸರ್ಕಸ್ ಪೈಲ್ವಾನರ ಉಡುಪಿನಿಂದ ಬಂದದ್ದು. 2011ರಲ್ಲಿ ಕಾಮಿಕ್ಸಿನವರು ಅದನ್ನು ತೆಗೆದುಹಾಕಿದರು, 2018ರಲ್ಲಿ ಆ್ಯಕ್ಷನ್ ಕಾಮಿಕ್ಸಿನ 1000ನೇ ಸಂಚಿಕೆಯಲ್ಲಿ ಮರಳಿ ತೊಡಿಸಿದರು. ಹುಡುಗ ತೆಗೆಯುವ ಪಕ್ಷ, ನಾನು ತೊಡಿಸುವ ಪಕ್ಷ. ಮೇಷ್ಟ್ರು ಎರಡನ್ನೂ ಮಾಡಿ ನೋಡಲು ಹೇಳಿದರು. ಚಡ್ಡಿ ಇಲ್ಲದಿದ್ದರೆ ಎದೆಯಿಂದ ಪಾದದವರೆಗೆ ಬರೀ ನೀಲಿ ಕಂಬ, ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಇದ್ದರೆ ಸೊಂಟ ಎಲ್ಲಿ ಮುಗಿಯಿತು, ತೊಡೆ ಎಲ್ಲಿ ಶುರುವಾಯಿತು ಎಂಬುದು ಕಾಣುತ್ತದೆ, ಜೊತೆಗೆ ಕಾಲು ಸೇರಿಸಿದ ಗೆರೆಯೂ ಮುಚ್ಚಿಹೋಗುತ್ತದೆ. ಚಡ್ಡಿ ಗೆದ್ದಿತು.

ಕೆಂಪು ಬೂಟಿಗೆ ಮಾತ್ರ ನಾನು ಯಾರನ್ನೂ ಕೇಳಲಿಲ್ಲ. ಹೆಂಡತಿಯ ನೇಲ್ ಪಾಲಿಶ್ ಬಳಿದೆ. ಬಳಿದಾಗ ಏನು ಹೊಳಪು! ಅದರ ದ್ರಾವಕಕ್ಕೂ ಈ ಕ್ಲೇಗೂ ಆಗಿಬರುವುದಿಲ್ಲವೆಂದೂ, ಅಕ್ರಿಲಿಕ್ ಬಣ್ಣವೇ ಬಳಿಯಬೇಕೆಂದೂ ಉಳಿದ ನಾಲ್ವರಿಗೂ ಗೊತ್ತಿತ್ತು. ಬೂಟು ಇವತ್ತಿಗೂ ಅಂಟಂಟು. ಎರಡು ಇರುವೆ, ಒಂದು ಸೊಳ್ಳೆ ಅಲ್ಲೇ ಶಾಶ್ವತವಾಗಿ ನೆಲೆಸಿವೆ.

ದಸರೆಗೆ ಅಮ್ಮ ಗೊಂಬೆ ಕೂರಿಸುವಾಗ ನನ್ನನ್ನು ಕೇಳದೆಯೇ ಸೂಪರ್‌ಮ್ಯಾನನ್ನು ಮೂರನೇ ಮೆಟ್ಟಿಲ ಮೇಲೆ, ಶೆಟ್ಟಿ ಶೆಟ್ಟಮ್ಮನ ಅಂಗಡಿಯ ಪಕ್ಕದಲ್ಲಿ ನಿಲ್ಲಿಸಿದರು. ಅರಿಶಿನ ಕುಂಕುಮಕ್ಕೆ ಬಂದ ಎದುರು ಮನೆಯವರು ಬಹಳ ಹೊತ್ತು ನೋಡಿದರು. ಶೆಟ್ಟಮ್ಮನ ಅಕ್ಕಿ, ಬೇಳೆ, ಬೆಲ್ಲ ನೋಡಿದರು. ಮತ್ತೆ ಇವನನ್ನು ನೋಡಿದರು. ನಾನು ಉಸಿರು ಬಿಗಿಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದೆ.

"ಸಾಮಾನು ಕೊಳ್ಳೋಕೆ ಬಂದಿದಾರಲ್ಲ, ಇವರು ಅಡುಗೆ ಭಟ್ಟರು ಅಲ್ವೇನ್ರೀ?"

ಈಗ ನಾಲ್ಕನೆಯದು ಶುರು ಮಾಡಿದ್ದೇನೆ. ಭಾನುವಾರ ನಾಲ್ಕಕ್ಕೆ ಬಿಡುವಿದ್ದರೆ ನೀವೂ ಮಹಡಿಗೆ ಬನ್ನಿ. ಕಾಫಿ ಸಿಗುತ್ತದೆ. ಬರುವಾಗ ಹಳೆಯ ಹಲ್ಲುಜ್ಜುವ ಬ್ರಷ್ ಇದ್ದರೆ ತನ್ನಿ, ಬಟ್ಟೆಯ ಮೇಲ್ಮೈ ಮೂಡಿಸಲು ಬೇಕಾಗುತ್ತದೆ. 'ಚೆನ್ನಾಗಿದೆ' ಅಂದವರಿಗೆ ಕೋಡುಬಳೆ ಇಲ್ಲ.